ಮಾಳವ್ವನ ಕಂಬಳಿ ತಿಂದ ನುಸಿ

ನಾನು ಒಂದು ನುಸಿ. ಅಕ್ಕಿಕಾಳಿನಷ್ಟು ಉದ್ದ, ಬೂದುಬಣ್ಣದ ರೆಕ್ಕೆ, ಒಂದೊಂದು ರೆಕ್ಕೆಯ ಮೇಲೂ ಮೂರು ಕಪ್ಪು ಚುಕ್ಕೆ. ಹುಟ್ಟಿದ್ದು ಚಳ್ಳಕೆರೆ ಸೀಮೆಯ ಮಾಳವ್ವನ ಮನೆಯಲ್ಲಿ, ತಗಡಿನ ಪೆಟ್ಟಿಗೆಯೊಳಗಿದ್ದ ಕರಿಕಂಬಳಿಯ ಮಡಿಕೆಯಲ್ಲಿ.

ಮೊಟ್ಟೆಯೊಡೆದು ಬಂದಾಗ ನಾನು ಬರಿಮೈ ಬಿಳಿ ಹುಳು. ಕಂಬಳಿಯ ಎಳೆ ಕಡಿದು, ಬಾಯಿಂದ ಬಂದ ನೂಲಿನಲ್ಲಿ ಸೇರಿಸಿ, ಎರಡೂ ಕಡೆ ಬಾಯಿರುವ ಚೀಲ ಹೊಲಿದುಕೊಂಡೆ. ಮೈ ಬೆಳೆದಂತೆ ಚೀಲಕ್ಕೆ ಹೊಸ ಎಳೆ ಸೇರಿಸಿದೆ. ಮನೆಯೂ ಕಂಬಳಿಯೇ, ಊಟವೂ ಕಂಬಳಿಯೇ. ಇಂಥ ಭಾಗ್ಯ ಯಾರಿಗುಂಟು!

ಅದರ ಉಣ್ಣೆ ನೂತವಳು ಮಾಳವ್ವನ ತೀರಿಹೋದ ತಾಯಿ. ಅವ್ವನ ವಾಸನೆ ಹೋದೀತೆಂದು ಮಾಳವ್ವ ಅದನ್ನು ಬಿಸಿಲಿಗೇ ಹಾಕುತ್ತಿರಲಿಲ್ಲ. ಮಗಳು ನಾಗವೇಣಿಯ ಮದುವೆಯಲ್ಲಿ ಗಂಡು ಹೆಣ್ಣು ಕೂರುವ ಗದ್ದುಗೆಗೆ ಅದನ್ನೇ ಹಾಸಬೇಕೆಂಬುದು ಅವಳ ಆಸೆ. ಆಗಾಗ ಪೆಟ್ಟಿಗೆ ತೆರೆದು ಮೂಸುವಳು. ನಮ್ಮ ದೊಡ್ಡವರು ಹಾರಿದರೆ ಚಪ್ಪಾಳೆ ತಟ್ಟಿ ಕೊಲ್ಲುವಳು. ರೆಕ್ಕೆ ಬಂದ ನುಸಿ ಏನನ್ನೂ ತಿನ್ನುವುದಿಲ್ಲ ಎಂದು ಅವಳಿಗೆ ಹೇಳುವವರಾರು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ತಿನ್ನುವ ನಾನು ಮಡಿಕೆಯಲ್ಲಿ ಹಾಯಾಗಿದ್ದೆ.

ಮದುವೆಗೆ ಇಪ್ಪತ್ತು ದಿನವಿರುವಾಗ ಕಂಬಳಿ ಬಿಚ್ಚಿದಳು. ನಡುವೆ ಅಂಗೈಯಗಲ ತೂತು. ಮಾಳವ್ವ ತೂತಿನ ಅಂಚುಗಳನ್ನು ಎಳೆದು ಕೂಡಿಸಿ ನೋಡಿದಳು, ಕೂಡಲಿಲ್ಲ.

"ಬಿಡವ್ವ, ಅಂಗಡಿಯಿಂದ ಹೊಸಾದು ತಂದ್ರಾತು," ಎಂದಳು ನಾಗವೇಣಿ.

"ಹೊಸಾದ್ರಾಗೆ ನಮ್ಮವ್ವ ಎಲ್ಲಿರ್ತಾಳೆ? ಹರಿದಿದ್ದನ್ನ ಗದ್ದುಗೆಗೆ ಹಾಸಂಗಿಲ್ಲ," ಎಂದು ಮಾಳವ್ವ ಅತ್ತಳು.

ಚೀಲದೊಳಗೆ ನನಗೂ ನಾಚಿಕೆಯಾಯಿತು.

ಪಕ್ಕದ ಮನೆಯ ನೇಕಾರ ಬೀರಜ್ಜ ಬಂದು ಕಂಬಳಿಯನ್ನು ಬಾಗಿಲ ಬೆಳಕಿಗೆ ಹಿಡಿದ. ನಾನು ಜಾರಿ ಗೋಡೆಯ ಸಂದಿಗೆ ಬಿದ್ದೆ.

"ಇಲ್ನೋಡು ಮಾಳವ್ವ, ಮೂರು ಕಡೆ ರಫು ಐತೆ. ನಿಮ್ಮವ್ವನ ಕೈಯೇ ಇದು. ನಿನ್ನ ಮದುವೀಗೂ ರಫು ಮಾಡಿದ್ದನ್ನೇ ಹಾಸಿದ್ಲು."

ತೂತು ಮುಚ್ಚಿ ನೇಯ್ದಂತೆ ಹಾಕಿದ ಹೊಲಿಗೆ, ಕರಿಯ ಮೇಲೆ ಕರಿ ಎಳೆ. ಇಷ್ಟು ವರ್ಷ ಮೂಸಿದ್ದಳೇ ಹೊರತು ಮಾಳವ್ವ ಬಿಚ್ಚಿ ನೋಡಿರಲಿಲ್ಲ. ಆ ಎಳೆಗಳನ್ನು ಬೆರಳಿಂದ ಸವರಿ ಸವರಿ ನೋಡಿದಳು. ಮೂರು ದಿನ ಕೂತು ನಾಲ್ಕನೆಯ ರಫು ತಾನೇ ಹಾಕಿದಳು.

ನಾನು ಸಂದಿಯಲ್ಲೇ ಚೀಲದ ಬಾಯಿ ಮುಚ್ಚಿ ಕೋಶವಾದೆ. ರೆಕ್ಕೆ ಬಂದು ಹೊರಬಂದಾಗ ಮದುವೆ ಮುಗಿದು, ನಾಗವೇಣಿ ಗಂಡನ ಮನೆಗೆ ಹೊರಟಿದ್ದಳು. ಮಾಳವ್ವ ಕಂಬಳಿಯನ್ನು ಮಗಳ ಹೆಗಲಿಗೆ ಹೊದಿಸಿದಳು.

"ಪೆಟ್ಟಿಗ್ಯಾಗೆ ಇಡಬ್ಯಾಡ ಮಗಾ. ದಿನಾ ಹೊದ್ಕೊ. ಹರಿದ್ರೆ ರಫು ಹಾಕು."

ಈಗ ನನಗೆ ಹಸಿವಿಲ್ಲ. ಇನ್ನು ಎರಡು ದಿನ ಬಾಳಿದರೆ ಹೆಚ್ಚು. ಹೊಟ್ಟೆ ತುಂಬ ಮೊಟ್ಟೆ ಹೊತ್ತು ಪೆಟ್ಟಿಗೆಗೆ ಇಳಿದರೆ ಅದು ಖಾಲಿ. ದಿನವೂ ಕೊಡವಿ ಹೊದೆಯುವ ಕಂಬಳಿಯಲ್ಲಿ ನನ್ನ ಮಕ್ಕಳು ಬದುಕಲಾರವು. ಸಂಕಟವಾಗುತ್ತದೆ. ಆದರೂ ಮಾಳವ್ವ ಮಾಡಿದ್ದು ಸರಿ. ಕತ್ತಲಲ್ಲಿ ನಾವಷ್ಟೇ ತಿನ್ನುತ್ತಿದ್ದ ಅವಳ ತಾಯಿಯ ನೂಲು ಇನ್ನು ಮೊಮ್ಮಗಳ ಮೈಯನ್ನು ಬೆಚ್ಚಗಿಡುತ್ತದೆ.