ನೆಗ್ಲಿಜೆಂಟ್, ನೆಗ್ಲಿಜಿಬಲ್

ಅರಸೀಕೆರೆಯಿಂದ ಜಾವಗಲ್ಲಿಗೆ ಹೋಗುವ ರಸ್ತೆಯ ತೆಂಗಿನ ನಾರಿನ ಮಿಲ್ಲಿನಲ್ಲಿ ಇಂಗ್ಲಿಷ್ ಬಲ್ಲವಳು ಸ್ವಾತಿ ಒಬ್ಬಳೇ. ಮಾಲೀಕ ರೇವಣಸಿದ್ದಪ್ಪನವರಿಗೆ ಬಂದ ಕಾಗದಗಳನ್ನು ಓದಿ ಹೇಳುವುದು, ಉತ್ತರ ಟೈಪು ಮಾಡುವುದು ಅವಳ ಕೆಲಸ.

ಹದಿನೈದು ದಿನದ ಹಿಂದೆ ಕೆಲಸಗಾರ ಸಣ್ಣಯ್ಯನ ಬಲಗೈಯ ಎರಡು ಬೆರಳು ಯಂತ್ರಕ್ಕೆ ಸಿಕ್ಕಿ ಹೋಗಿದ್ದವು. ಅದರ ಗಾಲಿಯ ಮೇಲಿನ ತಗಡಿನ ಮುಚ್ಚಳ ಕಳಚಿ ಬಿದ್ದು ಆಗಲೇ ತಿಂಗಳಾಗಿತ್ತು. ಈಗ ಮಾಲೀಕರ ವಕೀಲರು ಕಳಿಸಿದ ಒಂದು ಪುಟದ ಹೇಳಿಕೆಗೆ ಅವನ ಹೆಬ್ಬೆಟ್ಟು ಬೇಕಾಗಿತ್ತು. ಬಟ್ಟೆ ಸುತ್ತಿದ ಕೈಯನ್ನು ಎದೆಗೊತ್ತಿಕೊಂಡು ಅವನು ಆಫೀಸಿಗೆ ಬಂದು ನಿಂತ.

“ಗಾಯ ನೆಗ್ಲಿಜಿಬಲ್ ಅಂತ ಬರ್ದೈತೆ ಕಣೋ. ಅಂಥಾ ದೊಡ್ಡದೇನಲ್ಲ ಅಂತ. ಎಡಗೈದು ಒತ್ತು,” ಎಂದರು ರೇವಣಸಿದ್ದಪ್ಪ.

ಸಣ್ಣಯ್ಯ ಸ್ವಾತಿಯ ಕಡೆ ತಿರುಗಿದ. “ಹಂಗೇ ಐತೇನವ್ವಾ ಅದ್ರಲ್ಲಿ?”

ಕಾಗದದಲ್ಲಿದ್ದದ್ದು ನೆಗ್ಲಿಜೆಂಟ್. ಅದು ಗಾಯದ ಮಾತಲ್ಲ, ಸಣ್ಣಯ್ಯನ ಮೇಲೆ ಹೊರಿಸಿದ ತಪ್ಪು. ಎರಡೂ ಪದಗಳ ಅರ್ಥವನ್ನು ಬೆಳಿಗ್ಗೆ ಅವಳೇ ಮಾಲೀಕರಿಗೆ ಬಿಡಿಸಿ ಹೇಳಿದ್ದಳು. ಮಾಲೀಕರು ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡಿದ್ದರು. ಕೆಲಸಕ್ಕೆ ಸೇರಿದ ದಿನ ಇಸಕೊಂಡ ಅವಳ ಡಿಗ್ರಿಯ ಮೂಲ ಅಂಕಪಟ್ಟಿಗಳು ಅವರ ಬೀರುವಿನಲ್ಲಿದ್ದವು. ಎರಡು ಸಲ ಕೇಳಿದರೂ ಕೊಟ್ಟಿರಲಿಲ್ಲ. ಸ್ವಾತಿ ಹೌದೆಂದು ತಲೆಯಾಡಿಸಿದಳು.

ಇಂಕಿನ ಪ್ಯಾಡಿನ ಮುಚ್ಚಳ ಒಂದೇ ಕೈಗೆ ಬರಲಿಲ್ಲ. “ನೀನೇ ತೆಗ್ದುಕೊಡವ್ವ,” ಎಂದು ಸಣ್ಣಯ್ಯ ಅದನ್ನು ಅವಳತ್ತ ಚಾಚಿದ. ಅವಳು ತೆಗೆಯಲು ಹೋದಳು. ತೆಗೆಯದೆ ಪ್ಯಾಡನ್ನು ಮೇಜಿನ ಮೇಲಿಟ್ಟಳು.

“ಒತ್ತಬೇಡಿ,” ಎಂದಳು. “ಅದು ನೆಗ್ಲಿಜಿಬಲ್ ಅಲ್ಲ, ನೆಗ್ಲಿಜೆಂಟ್. ಗಾಯ ಚಿಕ್ಕದು ಅಂತಲ್ಲ. ತಪ್ಪು ನಿಮ್ಮದೇ, ನೀವೇ ನಿಗಾ ಇಡಲಿಲ್ಲ ಅಂತ ಬರೆದಿದೆ.”

ಸಣ್ಣಯ್ಯ ಕಾಗದವನ್ನು ಎಡಗೈಗೆ ತೆಗೆದುಕೊಂಡ. “ಗಾಲಿ ಮೇಲೆ ಮುಚ್ಚಳ ಇಲ್ಲ ಅಂತ ನಾನೇ ಮೂರು ಸಲ ಹೇಳಿದ್ನಲ್ಲ ಬುದ್ಧಿ,” ಎಂದ ಮಾಲೀಕರಿಗೆ. ಆಮೇಲೆ ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು, ಕುರ್ಚಿಯ ಪಕ್ಕದಲ್ಲಿ ಓರೆಯಾಗಿ ನುಸುಳಿ ಹೊರಟುಹೋದ.

ರೇವಣಸಿದ್ದಪ್ಪ ಕೂಗಾಡಲಿಲ್ಲ. ಬಿಳಿ ಹಾಳೆಯೊಂದನ್ನು ಅವಳ ಮುಂದಿಟ್ಟರು. “‘ಸಣ್ಣಯ್ಯಂಗೆ ನಾನೇ ತಪ್ಪು ಓದಿ ಹೇಳ್ದೆ’ ಅಂತ ಬರ್ದು ಸಹಿ ಹಾಕಮ್ಮ. ಹಾಕೋಗಂಟ ಇಲ್ಲೇ ಕೂತಿರು,” ಎಂದು ಹೊರಗೆ ಹೋದರು.

ಅವಳು ಪೆನ್ನು ಮುಟ್ಟಲಿಲ್ಲ. ಏಳುವ ಧೈರ್ಯವೂ ಬರಲಿಲ್ಲ. ಯಂತ್ರ ನಿಂತಿತು. ಹೆಂಗಸರು ತಲೆಯ ಮೇಲಿನ ನಾರು ಕೊಡವಿಕೊಳ್ಳುತ್ತ ಗೇಟು ದಾಟಿದರು. ಅವಳು ಹತ್ತಬೇಕಿದ್ದ ಅರಸೀಕೆರೆಯ ಬಸ್ಸು ಬಂದು, ನಿಂತು, ಹೊರಟಿತು. ಆಗ ರೇವಣಸಿದ್ದಪ್ಪ ಬಂದು ಖಾಲಿ ಹಾಳೆಯನ್ನು ನೋಡಿದರು.

“ಆಗ್ಲಿ, ನಾಳೆ ಬರೀವಂತೆ,” ಎಂದರು.

ಅಂಕಪಟ್ಟಿಗಳು ಬೀರುವಿನಲ್ಲಿರುವಾಗ ನಾಳೆ ಅವಳು ಬರಲೇಬೇಕೆಂಬುದು ಇಬ್ಬರಿಗೂ ಗೊತ್ತಿತ್ತು.