ಪರಿಸರ ಪಾಠದ ತಿದ್ದುಪಡಿ

ಎರಡನೆಯ ತರಗತಿಯ ಮಕ್ಕಳು ಮೊದಲ ಅವಧಿಯಲ್ಲಿ ಏನೇನು ಕಲಿಯಬೇಕೆಂಬುದನ್ನು ಶಾಲೆಯವರು ಜೂನ್ ತಿಂಗಳಲ್ಲೇ ಒಂದು ಹಾಳೆಯಲ್ಲಿ ಅಚ್ಚು ಮಾಡಿಸಿ ಕಳುಹಿಸಿದ್ದರು. ಗಣಿತದಲ್ಲಿ ಇನ್ನೂರರವರೆಗೆ ಸಂಖ್ಯೆ, ದಶಕ ಬರುವ ಕೂಡುವ ಲೆಕ್ಕ, ಐದರವರೆಗೆ ಮಗ್ಗಿ. ಕನ್ನಡದಲ್ಲಿ ಕಾಗುಣಿತ. ಇಂಗ್ಲಿಷಿನಲ್ಲಿ ನಾಲ್ಕು ಪದ್ಯ. ಪರಿಸರದಲ್ಲಿ ನನ್ನ ಕುಟುಂಬ, ನಾವು ತಿನ್ನುವ ಆಹಾರ, ಜೀವವಿರುವ ಮತ್ತು ಜೀವವಿಲ್ಲದ ವಸ್ತುಗಳು. ಚಿತ್ರಕಲೆಯಲ್ಲಿ ಬೆಂಡೆಕಾಯಿ ಕೊಯ್ದು ಬಣ್ಣದಲ್ಲಿ ಅದ್ದಿ ಅಚ್ಚೊತ್ತುವುದು.

ಬನಶಂಕರಿ ಎರಡನೆಯ ಹಂತದ ಆ ಮನೆಯಲ್ಲಿ ಅಂಜನಾಳಿಗೆ ಪಾಠ ಹೇಳಿಕೊಡುವ ಕೆಲಸ ಅವಳ ಅಜ್ಜಿ ಉಮಾಮಹೇಶ್ವರಿಯವರದಾಗಿತ್ತು. ತಾಯಿ ಶ್ವೇತಾ ಜಯನಗರದ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ತಂದೆ ಕೈಲಾಸ್ ವಾರದಲ್ಲಿ ನಾಲ್ಕು ದಿನ ಊರೂರು ತಿರುಗುವ ನೌಕರಿಯವನು. ಜುಲೈ ಕೊನೆಯಲ್ಲಿ ಉಮಾಮಹೇಶ್ವರಿಯವರು ಐದು ದಿನದ ಜ್ವರದಲ್ಲಿ ತೀರಿಕೊಂಡರು. ಪಾಠದ ಕೆಲಸ ಅವರ ಪತಿ ರೇವಣಸಿದ್ದಪ್ಪನವರ ಪಾಲಿಗೆ ಬಂತು.

ರೇವಣಸಿದ್ದಪ್ಪನವರು ಅಳತೆ ಮತ್ತು ತೂಕದ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಇದ್ದವರು. ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಹಾಕುತ್ತಿದ್ದರು. ದಿನಕ್ಕೆ ಎರಡು ಹೊತ್ತು ಲಿಂಗಪೂಜೆ ಮಾಡದೆ ಊಟ ಮಾಡಿದವರಲ್ಲ. ಮೊಮ್ಮಗಳಿಗೆ ದಶಕ ಕೂಡಿಸುವುದನ್ನು ಅವರು ಒಂದು ವಾರದಲ್ಲಿ ಕಲಿಸಿದರು. ಬೆಂಡೆಕಾಯಿ ಅಚ್ಚು ಅವರ ಪಂಚೆಯ ಮೇಲೂ ಬಿತ್ತು. ಎಲ್ಲವೂ ಕ್ರಮವಾಗಿ ನಡೆಯುತ್ತಿತ್ತು. ಸೆಪ್ಟೆಂಬರಿನಲ್ಲಿ ಪರಿಸರದ ಟೆಸ್ಟ್ ಪೇಪರು ಮನೆಗೆ ಬಂತು.

ಜೀವವಿರುವ ನಾಲ್ಕು ವಸ್ತುಗಳನ್ನು ಬರೆಯಿರಿ ಎಂಬುದು ಪ್ರಶ್ನೆ. ಅಂಜನಾ ಹಸು, ಇರುವೆ, ಗಿಡ ಎಂದು ಇಂಗ್ಲಿಷಿನಲ್ಲಿ ಬರೆದು ನಾಲ್ಕನೆಯದಾಗಿ ಲಿಂಗ ಎಂದು ಬರೆದಿದ್ದಳು. ಅದರ ಮೇಲೆ ಕೆಂಪು ಗೆರೆ ಬಿದ್ದಿತ್ತು. ಕೆಳಗೆ, ಕಲ್ಲು ಜೀವವಿಲ್ಲದ ವಸ್ತು ಎಂದು ಐದು ಸಲ ಬರೆದು ಮನೆಯವರ ಸಹಿ ಹಾಕಿಸಿಕೊಂಡು ಬರಬೇಕೆಂದು ಸೂಚನೆ ಇತ್ತು. ತಪ್ಪಿದ್ದನ್ನು ಐದು ಸಲ ಬರೆಯುವುದು ಆ ಶಾಲೆಯ ಪದ್ಧತಿ. ದಸರಾ ರಜಕ್ಕೆ ಮೊದಲಿನ ಶನಿವಾರ ಮಕ್ಕಳು ಅವಧಿಯಲ್ಲಿ ಕಲಿತದ್ದನ್ನೆಲ್ಲ ಮೇಜಿನ ಮೇಲೆ ಜೋಡಿಸಿ ತಂದೆತಾಯಿಗೆ ತಾವೇ ವಿವರಿಸುವ ಕಾರ್ಯಕ್ರಮವಿತ್ತು. ತಿದ್ದುಪಡಿ ಮುಗಿಯದ ಪುಸ್ತಕವನ್ನು ಮೇಜಿನ ಮೇಲೆ ಇಡುವಂತಿರಲಿಲ್ಲ.

ಅಂಜನಾ ಬರೆಯಲಿಲ್ಲ.

"ಐದು ಲೈನ್ ಪುಟ್ಟಿ, ಎರಡು ನಿಮಿಷದ ಕೆಲಸ," ಎಂದಳು ಶ್ವೇತಾ.

"ಬರಿಯಲ್ಲ."

"ಯಾಕೆ?"

"ಬರಿಯಲ್ಲ ಅಂದ್ರೆ ಬರಿಯಲ್ಲ."

"ಎಲ್ಲಾ ಮಕ್ಕಳೂ ಅವರವರ ಮೇಜಿನ ಹತ್ರ ನಿಂತಿರ್ತಾರೆ, ನೀನು ಗೋಡೆ ಹತ್ರ ನಿಂತ್ಕೋ. ನೋಡಕ್ಕೆ ನಾನು ರಜ ಹಾಕಿ ಬರ್ತೀನಿ." ಶ್ವೇತಾ ಮಾವನ ಕಡೆ ತಿರುಗಿದಳು. "ಮಾವ, ನೀವೇ ಹೇಳಿ. ನನ್ನ ಮಾತಿಗೆ ಈ ಮನೇಲಿ ಇಷ್ಟೇ ಬೆಲೆ."

ರೇವಣಸಿದ್ದಪ್ಪನವರು ನಾಳೆ ನೋಡೋಣ ಎಂದರು. ಮಗು ತನ್ನ ಧರ್ಮಕ್ಕಾಗಿ ಹಟ ಹಿಡಿದಿದೆ ಎಂದು ಅವರಿಗೆ ಒಳಗೊಳಗೆ ಸ್ವಲ್ಪ ಸಂತೋಷವೇ ಆಗಿತ್ತು. ಮರುದಿನ ಬೆಳಿಗ್ಗೆ ಪೂಜೆಗೆ ಕುಳಿತು ಲಿಂಗವನ್ನು ಅಂಗೈ ಮೇಲಿಟ್ಟುಕೊಂಡಾಗ ಪಾಠದಲ್ಲಿದ್ದ ಐದು ಪ್ರಶ್ನೆಗಳು ನೆನಪಿಗೆ ಬಂದವು. ಉಸಿರಾಡುತ್ತದೆಯೇ, ತಿನ್ನುತ್ತದೆಯೇ, ಬೆಳೆಯುತ್ತದೆಯೇ, ಚಲಿಸುತ್ತದೆಯೇ, ಮರಿ ಹಾಕುತ್ತದೆಯೇ. ಹೀಗೆ ನೆನೆದದ್ದಕ್ಕೆ ಅವರು ಲಿಂಗದ ಕ್ಷಮೆ ಬೇಡಿದರು.

ಗುರುವಾರ ಶಾಲೆಯಿಂದ ಕರೆ ಬಂತು. ತರಗತಿಯ ಶಿಕ್ಷಕಿ ವಿಜಯಲಕ್ಷ್ಮಿ ವಯಸ್ಸಿನಲ್ಲಿ ಶ್ವೇತಾಳಿಗಿಂತ ಚಿಕ್ಕವರು. ಹೋದ ರೇವಣಸಿದ್ದಪ್ಪನವರಿಗೆ ಕುಳಿತುಕೊಳ್ಳಲು ಮಕ್ಕಳ ಕುರ್ಚಿಯನ್ನೇ ಕೊಟ್ಟರು.

"ಸಾರ್, ಬೇಜಾರು ಮಾಡ್ಕೋಬೇಡಿ. ನಮ್ಮನೇಲೂ ದೇವರಿಗೆ ದಿನಾ ಹಾಲು ಇಡ್ತೀವಿ. ಆದ್ರೆ ಟೆಸ್ಟಲ್ಲಿ ನಾನು ಮಾರ್ಕ್ಸ್ ಹೇಗೆ ಕೊಡ್ಲಿ?"

"ಮಾರ್ಕ್ಸ್ ಕೇಳಕ್ಕೆ ಬಂದಿಲ್ಲಮ್ಮ."

"ಅದಕ್ಕೇ ಲಿಂಗ ಅಂತ ಬರಿಯೋದು ಬೇಡ, ಕಲ್ಲು ಅಂತ ಬರಿ ಅಂದೆ. ಅದಕ್ಕೂ ಒಪ್ತಿಲ್ಲ. ನಿನ್ನೆ ಪಕ್ಕದ ಹುಡುಗಿ ಪೆನ್ಸಿಲ್ ಕಿತ್ಕೊಂಡು ನಾನೇ ಬರ್ದುಕೊಡ್ತೀನಿ ಅಂದ್ಲು. ಅಂಜನಾ ಅವಳ ಕೈ ಕಚ್ಚಿದ್ಲು ಸಾರ್. ಯಾವತ್ತೂ ಯಾರಿಗೂ ಏನೂ ಮಾಡೋ ಮಗು ಅಲ್ಲ ಅದು."

"ಕಚ್ಚಿದ್ಲಾ?"

"ಆಮೇಲೆ ಅತ್ಲು. ಬರೆದ್ರೆ ಅಜ್ಜಿನೂ ನಾನ್ ಲಿವಿಂಗ್ ಆಗ್ತಾರೆ ಅಂತಾಳೆ. ನನಗೆ ಅರ್ಥ ಆಗ್ಲಿಲ್ಲ. ನೀವೇ ಕೂತ್ಕೊಂಡು ಸ್ವಲ್ಪ ಕೇಳಿ ಸಾರ್."

ಶಿಕ್ಷಕಿಗೆ ಅರ್ಥವಾಗದ್ದು ರೇವಣಸಿದ್ದಪ್ಪನವರಿಗೆ ಅರ್ಥವಾಯಿತು. ಅವರು ಚಿಕ್ಕ ಕುರ್ಚಿಯಿಂದ ಏಳಲು ಮೇಜನ್ನು ಹಿಡಿದುಕೊಳ್ಳಬೇಕಾಯಿತು.

ಅವರ ಮನೆತನದಲ್ಲಿ ಸತ್ತವರನ್ನು ಸುಡುವುದಿಲ್ಲ. ಗುಂಡಿಯಲ್ಲಿ ಕೂರಿಸಿ, ಬದುಕಿದ್ದಾಗ ಎದೆಯ ಮೇಲೆ ಧರಿಸಿದ್ದ ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ವಿಭೂತಿ ಪತ್ರೆಗಳೊಂದಿಗೆ ಮಣ್ಣು ಮುಚ್ಚುತ್ತಾರೆ. ಹೋದವರು ಸತ್ತರು ಎನ್ನುವುದಿಲ್ಲ, ಲಿಂಗದಲ್ಲಿ ಒಂದಾದರು ಎನ್ನುತ್ತಾರೆ. ಅಜ್ಜಿಯನ್ನು ಮಣ್ಣು ಮಾಡಿದ ದಿನ ಅಂಜನಾ ತಂದೆಯ ಹೆಗಲ ಮೇಲಿಂದ ಎಲ್ಲವನ್ನೂ ನೋಡಿದ್ದಳು. ಹಿಂದಿರುಗುವಾಗ ಕಾರಿನಲ್ಲಿ ಅಜ್ಜಿ ಎಲ್ಲಿ ಎಂದು ಕೇಳಿದ್ದಳು. ಅಜ್ಜಿ ಎಲ್ಲೂ ಹೋಗಿಲ್ಲ ಕಂದ, ಲಿಂಗದ ಒಳಗೆ ಸೇರಿಕೊಂಡಳು ಎಂದು ಹೇಳಿದವರು ರೇವಣಸಿದ್ದಪ್ಪನವರೇ. ಅವರ ತಾಯಿ ಹೋದಾಗ ಅವರ ತಂದೆ ಇದೇ ಮಾತನ್ನು ಅವರಿಗೆ ಹೇಳಿದ್ದರು. ಆಗ ಅವರಿಗೆ ಒಂಬತ್ತು ವರ್ಷ. ಯಾವ ಶಾಲೆಯೂ ಅವರಿಗೆ ಈ ಐದು ಪ್ರಶ್ನೆಗಳನ್ನು ಕೇಳಿರಲಿಲ್ಲ.

ಸಂಜೆ ಅಂಜನಾ ಹಾಲು ಕುಡಿದ ಮೇಲೆ ಅವಳ ಪುಸ್ತಕ ತೆಗೆದುಕೊಂಡು ಇಬ್ಬರೂ ವರಾಂಡದ ಚಾಪೆಯ ಮೇಲೆ ಕುಳಿತರು.

"ಮಿಸ್ಸು ಚಾಡಿ ಹೇಳಿದ್ರಾ?"

"ಹೇಳಿದ್ರು. ಕಚ್ಚೋದು ಯಾವಾಗ ಕಲಿತೆ?"

ಅಂಜನಾ ಮುಖವನ್ನು ಗೇಟಿನ ಕಡೆ ತಿರುಗಿಸಿದಳು.

"ಅಜ್ಜಿ ಲಿಂಗದ ಒಳಗಿದ್ದಾಳೆ ಅಂತಾನೇ ಲಿಂಗ ಅಂತ ಬರೆದೆಯಾ?"

"ನೀನೇ ಹೇಳಿದ್ದೆ ತಾತ." ಅವಳು ಚಾಪೆಯ ಕಡ್ಡಿ ಕೀಳುತ್ತಿದ್ದಳು. "ಒಳಗೆ ಅಜ್ಜಿ ಇದ್ರೆ ಅದು ಲಿವಿಂಗ್ ಅಲ್ವಾ? ಗುಬ್ಬಿ ಇದ್ರೆ ಗೂಡು ಲಿವಿಂಗ್ ಅಲ್ಲ ಅಂತ ಮಿಸ್ಸು ಹೇಳಿದ್ರು. ಆದ್ರೆ ಮೊಟ್ಟೆ ಲಿವಿಂಗ್. ಲಿಂಗ ಮೊಟ್ಟೆ ಥರಾನೇ ಇದೆ."

ರೇವಣಸಿದ್ದಪ್ಪನವರು ಪುಸ್ತಕದಲ್ಲಿ ಆ ಪಾಠದ ಪುಟ ತೆಗೆದರು.

"ತಾತ, ಲಿವಿಂಗ್ ಥಿಂಗ್ಸಿಗೆ ಗಾಳಿ ಬೇಕು. ನೀರು ಬೇಕು. ಲೆಸನ್ನಲ್ಲಿದೆ. ನೀವೆಲ್ಲಾ ಸೇರಿ ಮಣ್ಣು ಹಾಕಿದ್ರಿ. ಅಪ್ಪನೂ ಹಾಕ್ತು."

ಎರಡು ತಿಂಗಳಿಂದ ಈ ಮಗು ಈ ವಿಷಯವನ್ನು ತಾನೊಂದೇ ಹೊತ್ತುಕೊಂಡು ಮಗ್ಗಿ ಹೇಳುತ್ತಿತ್ತು, ಕಾಗುಣಿತ ಬರೆಯುತ್ತಿತ್ತು. ಬರೆಯದಿದ್ದರೆ ಅಜ್ಜಿ ಮಣ್ಣಿನಡಿ ಗಾಳಿಯಿಲ್ಲದೆ ಕುಳಿತಿದ್ದಾಳೆ. ಬರೆದರೆ ಅಜ್ಜಿ ಇಲ್ಲವೇ ಇಲ್ಲ. ರೇವಣಸಿದ್ದಪ್ಪನವರು ಅಂಗಿಯ ಮೇಲಿಂದಲೇ ತಮ್ಮ ಎದೆಯ ಮೇಲಿನ ಕರಡಿಗೆಯನ್ನು ಮುಟ್ಟಿಕೊಂಡರು. ಅದರಲ್ಲಿ ಅವರ ಲಿಂಗವಿತ್ತು.

"ಕೇಳು ಕಂದ. ಲಿಂಗಕ್ಕೆ ಅದರದ್ದೇ ಅಂತ ಉಸಿರಿಲ್ಲ. ಕಟ್ಟಿಕೊಂಡೋರ ಉಸಿರೇ ಅದರ ಉಸಿರು. ನಮ್ಮ ಗುರುಗಳು ಹಾಗೇ ಹೇಳಿಕೊಟ್ಟಿದ್ದು."

"ಅಂದ್ರೆ ಅಜ್ಜಿ ಲಿಂಗಕ್ಕೆ ಅಜ್ಜಿ ಉಸಿರು?"

"ಹೂಂ. ಅಜ್ಜಿ ಉಸಿರು ಆಸ್ಪತ್ರೆಯಲ್ಲೇ ನಿಂತುಹೋಯ್ತು. ಬುಧವಾರ. ಅದರದ್ದೂ ಆಗಲೇ ನಿಂತಿತು. ಮಣ್ಣು ಹಾಕಿದ್ದು ಗುರುವಾರ. ಆಗ ಇಬ್ಬರಿಗೂ ಗಾಳಿ ಬೇಕಿರಲಿಲ್ಲ."

ಅಂಜನಾ ಬೆರಳಲ್ಲಿ ದಿನಗಳನ್ನು ಎಣಿಸಿ ನೋಡಿದಳು.

"ನೋವಾಗ್ಲಿಲ್ವಾ?"

"ಇಲ್ಲ."

"ಹಾಗಾದ್ರೆ ಒಳಗೆ ಅಜ್ಜಿ ಇಲ್ಲ?"

ಗೇಟಿನ ಆಚೆ ತರಕಾರಿ ಗಾಡಿಯವನು ಯಾರೊಂದಿಗೋ ಸೊಪ್ಪಿನ ಕಟ್ಟಿಗೆ ಚೌಕಾಸಿ ಮಾಡುತ್ತಿದ್ದ. ಆ ವ್ಯಾಪಾರ ಮುಗಿಯುವವರೆಗೆ ರೇವಣಸಿದ್ದಪ್ಪನವರು ಕಾದರು.

"ಇಲ್ಲ," ಎಂದರು. "ಅಜ್ಜಿ ಸತ್ತುಹೋದಳು. ನಾನು ಹೇಳಿದ್ದು ನನಗೆ ಸಮಾಧಾನ ಆಗ್ಲಿ ಅಂತ. ನಿನಗೆ ಹಾಗೆ ಹೇಳಬಾರದಿತ್ತು."

ಸತ್ತಳು ಎಂಬ ಪದವನ್ನು ಅವರು ಪತ್ನಿಯ ಹೆಸರಿನೊಂದಿಗೆ ಅದುವರೆಗೆ ಯಾರ ಮುಂದೆಯೂ ಆಡಿರಲಿಲ್ಲ. ಬಂಧುಗಳಿಗೆ ಕಳುಹಿಸಿದ ಪತ್ರಿಕೆಯಲ್ಲೂ ಅದು ಇರಲಿಲ್ಲ. ಅಂಜನಾ ಅಳಲಿಲ್ಲ. ತಾತನ ಮುಖವನ್ನು ಬಹಳ ಹೊತ್ತು ನೋಡಿದಳು.

"ನೀನು ತಪ್ಪು ಹೇಳಿಕೊಟ್ಟೆ."

"ಹೌದು."

"ಅದಕ್ಕೇ ನನಗೆ ರಾಂಗ್ ಬಂತು."

"ಹೌದಮ್ಮ."

"ಹಾಗಾದ್ರೆ ನೀನೂ ಐದು ಸಲ ಬರಿಬೇಕು."

ಅವಳು ಪೆನ್ಸಿಲ್ ಡಬ್ಬಿಯಿಂದ ಎರಡು ಪೆನ್ಸಿಲ್ ತೆಗೆದಳು. ರಫ್ ಪುಸ್ತಕದಿಂದ ಒಂದು ಹಾಳೆ ಹರಿದು ತಾತನ ಮುಂದಿಟ್ಟು, ತನ್ನ ಪುಸ್ತಕದಲ್ಲಿ ಕಲ್ಲಿನ ಬಗ್ಗೆ ಬರೆಯತೊಡಗಿದಳು. ಪ್ರತಿ ಅಕ್ಷರಕ್ಕೂ ನಾಲಿಗೆ ಹೊರಗೆ ಬರುತ್ತಿತ್ತು.

ರೇವಣಸಿದ್ದಪ್ಪನವರು ಕನ್ನಡಕ ಹಾಕಿಕೊಂಡರು. ಅಜ್ಜಿ ಸತ್ತುಹೋದಳು ಎಂದು ಮೊದಲ ಸಾಲು ಬರೆದರು. ಅಕ್ಷರಗಳು ಗೆರೆಯಿಂದ ಕೆಳಗೆ ಇಳಿದವು.

"ಗೆರೆ ಮೇಲೆ ಬರಿ ತಾತ. ಇಲ್ಲಾಂದ್ರೆ ಮಿಸ್ಸು ಒಪ್ಪಲ್ಲ."

ಎರಡನೆಯದನ್ನು ಗೆರೆಯ ಮೇಲೆ ಬರೆದರು. ಮೂರನೆಯದರಲ್ಲಿ ಅಜ್ಜಿ ಎನ್ನುವ ಬದಲು ಉಮಾ ಎಂದು ಬರೆದುಬಿಟ್ಟರು. ಮನೆಯಲ್ಲಿ ಅವರು ಕರೆಯುತ್ತಿದ್ದುದು ಹಾಗೆಯೇ. ಅಂಜನಾ ಬಗ್ಗಿ ಅಕ್ಷರ ಕೂಡಿಸಿ ಓದಿದಳು. ಅದನ್ನು ತಪ್ಪು ಎನ್ನಲಿಲ್ಲ. ನಾಲ್ಕನೆಯದರ ನಂತರ ಅವರು ಪೆನ್ಸಿಲನ್ನು ಕೆಳಗಿಟ್ಟು ಪಂಚೆಯ ಅಂಚಿನಿಂದ ಕನ್ನಡಕ ಒರೆಸಿಕೊಂಡರು.

"ಇನ್ನೊಂದಿದೆ," ಎಂದಳು ಅಂಜನಾ. ಅವಳದು ಮುಗಿದಿತ್ತು. ಪುಸ್ತಕವನ್ನು ಸಹಿಗೆಂದು ತಾತನ ಕಡೆ ತಿರುಗಿಸಿಟ್ಟು, ಅವರು ಬರೆಯುವುದನ್ನು ಕಾಯುತ್ತ ಪಕ್ಕದಲ್ಲೇ ಕುಳಿತಳು.