ಮೊದಲು ಪರೀಕ್ಷೆ, ಆಮೇಲೆ ವಿಳಾಸ

ಆ ಬೀದಿಯಲ್ಲಿ ಕಾಲು ಊದದ ಹೆಂಗಸನ್ನು ಹುಡುಕುವುದೇ ಕಷ್ಟ. ಎರಡೂ ಸಾಲಿನ ಮನೆಗಳಲ್ಲಿ ಹೊಲಿಗೆ ಮಷೀನುಗಳು. ಬೆಳಗಾಗುತ್ತಲೇ ಪೆಡಲ್ ತುಳಿಯಲು ಕೂತರೆ ಏಳುವುದು ಊಟಕ್ಕೆ, ಮತ್ತೆ ಏಳುವುದು ದೀಪ ಹಾಕಲು. ಹಾಗಾಗಿ ಕಾಲು ಊದಿಕೊಂಡರೆ ಅಲ್ಲಿ ಯಾರೂ ಗಾಬರಿಯಾಗುವುದಿಲ್ಲ. ಅದಕ್ಕೆ ಅವರೇ ಇಟ್ಟ ಹೆಸರಿದೆ, ‘ಮಷೀನು ಕಾಲು’. ಮದ್ದೂ ಅವರದೇ. ಬಟ್ಟೆ ಗಂಟಿನ ಮೇಲೆ ಕಾಲು ಚಾಚಿ ಮಲಗಬೇಕು, ಬೆಳಿಗ್ಗೆ ಹೊತ್ತಿಗೆ ಇಳಿಯುತ್ತದೆ.

ಈ ಮದ್ದನ್ನು ಬೀದಿಗೆಲ್ಲ ಹಂಚುತ್ತಿದ್ದವಳು ಎಡಸಾಲಿನ ಕತ್ತರಿಯಮ್ಮ. ಬಟ್ಟೆ ಕತ್ತರಿಸುವುದರಲ್ಲಿ ಎತ್ತಿದ ಕೈ, ಮಾತು ಕತ್ತರಿಸುವುದರಲ್ಲಿ ಅದಕ್ಕಿಂತ ಒಂದು ಕೈ ಮೇಲು. “ನಾನು ಹೆರಿಗೆ ನೋವು ಬರೋ ತನಕ ಪೆಡಲ್ ತುಳಿದವಳು. ಏನಾಯ್ತು? ಗುಂಡುಕಲ್ಲಿನ ಹಾಗಿದ್ದೀನಿ,” ಎಂದು ಎಲ್ಲ ಬಸುರಿಯರಿಗೂ ಹೇಳುವಳು. ಈಗ ಮನೆಯಲ್ಲೇ ಬಸುರಿ ಇದ್ದಳು. ಸೊಸೆಗೆ ಎಂಟನೇ ತಿಂಗಳು, ಚೊಚ್ಚಲು.

ಈ ಬೀದಿಗೆ ಕಾಲೂತಕ್ಕಿಂತ ಕೆಟ್ಟ ರೋಗವೊಂದಿತ್ತು. ನಡುವೆ ಹರಿಯುವ ಚರಂಡಿಯೇ ಎರಡು ಊರುಗಳ ಗಡಿ. ಬಲಸಾಲು ಕೆಳಗಿನೂರಿಗೆ ಸೇರಿದ್ದು, ಎಡಸಾಲು ಮೇಲಿನೂರಿಗೆ. ಕೆಳಗಿನೂರಿನ ಆರೋಗ್ಯ ಕೇಂದ್ರ ಬೀದಿಯ ತುದಿಯಲ್ಲೇ ಇದೆ, ಕೂಗಿದರೆ ಕೇಳುತ್ತದೆ. ಮೇಲಿನೂರಿನ ಕೇಂದ್ರಕ್ಕೆ ಎರಡು ಬಸ್ಸು ಹತ್ತಿಳಿಯಬೇಕು. ಚರಂಡಿಯ ಸೊಳ್ಳೆ ಎರಡೂ ಸಾಲಿನವರನ್ನು ಭೇದವಿಲ್ಲದೆ ಕಚ್ಚುತ್ತಿತ್ತು. ಊರು ಆಳುವವರಿಗೆ ಸೊಳ್ಳೆಗಿದ್ದಷ್ಟು ಸಮದೃಷ್ಟಿಯೂ ಇರಲಿಲ್ಲ.

ಒಂದು ಬೆಳಿಗ್ಗೆ ಬಲಸಾಲಿನ ಕಾಜಾ ಅಕ್ಕ ಅಂಗಿಗಳನ್ನು ಒಯ್ಯಲು ಬಂದಳು. ಅಂಗಿಗೆ ಕಾಜಾ, ಅಂದರೆ ಗುಂಡಿ ತೂರಿಸುವ ತೂತು, ಹೊಲಿಯುವುದು ಅವಳ ಕೆಲಸ. ಬೀದಿಯ ಮಹಿಳಾ ಸಂಘದಲ್ಲಿ ಬಸುರಿ ಬಾಣಂತಿಯರ ಆರೋಗ್ಯದ ಬಗ್ಗೆ ತರಬೇತಿ ಪಡೆದವಳು. ಸೊಸೆ ಹೊಲಿದ ಅಂಗಿಯನ್ನು ತಿರುಗಿಸಿ ನೋಡಿ ನಕ್ಕಳು.

“ಏನೇ ಹುಡುಗಿ, ತೋಳನ್ನ ಉಲ್ಟಾ ಹೊಲಿದಿದ್ದೀಯಲ್ಲ! ಇದನ್ನ ಹಾಕೋನು ಬೆನ್ನಿಗೆ ಕೈ ಕಟ್ಕೊಂಡು ತಿರುಗಬೇಕಾ?”

“ಕಣ್ಣು ಮಂಜುಮಂಜು ಅಕ್ಕಾ,” ಎಂದಳು ಸೊಸೆ. “ಸೂಜಿ ಎರಡೆರಡು ಕಾಣ್ತಿದೆ. ನಿನ್ನೆಯಿಂದ ತಲೆ ಸಿಡೀತಿದೆ.”

ಕಾಜಾ ಅಕ್ಕನ ನಗು ನಿಂತಿತು. ಅವಳು ಹುಡುಗಿಯ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ರೆಪ್ಪೆಗಳು ದಪ್ಪಗಾಗಿದ್ದವು. ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ತಗಡಿನ ಟೋಪಿ ಮಷೀನಿನ ಮೇಲೆ ಬಿದ್ದಿತ್ತು.

“ಇದನ್ಯಾಕೆ ತೆಗೆದಿಟ್ಟೆ?”

“ಬೆರಳಿಗೆ ಹೋಗ್ತಿಲ್ಲ.”

ಒಳಗಿನಿಂದ ಕತ್ತರಿಯಮ್ಮ ಬಂದಳು. “ಅಯ್ಯೋ, ಮಷೀನು ಕಾಲು ಕಣೇ. ಸಂಜೆ ಗಂಟಿನ ಮೇಲೆ ಕಾಲಿಟ್ಟು ಮಲಗಿಸ್ತೀನಿ. ಇರೋದನ್ನೆಲ್ಲ ರೋಗ ಮಾಡ್ಬೇಡ.”

“ಕಾಲು ಪೆಡಲ್ ತುಳೀತು, ಊದ್ಕೊಂತು, ಒಪ್ಪಿದೆ. ಮುಖ ಯಾವ ಪೆಡಲ್ ತುಳೀತು ದೊಡ್ಡಮ್ಮಾ? ಕೈಬೆರಳು ಯಾವ ಪೆಡಲ್ ತುಳೀತು?”

ಯಾರ ಮಾತನ್ನೂ ಅರ್ಧಕ್ಕೇ ಕತ್ತರಿಸುವ ಕತ್ತರಿಯಮ್ಮ ಹತ್ತಿರ ಬಂದಳು. ಸೊಸೆಯ ಮುಖವನ್ನು ದಿಟ್ಟಿಸಿ ನೋಡಿದಳು. ದಿನವೂ ನೋಡುವ ಮುಖ, ಊದಿದ್ದು ಕಣ್ಣಿಗೆ ಬಿದ್ದಿರಲಿಲ್ಲ.

“ಇದು ಬಿಪಿ ಇರಬಹುದು,” ಎಂದಳು ಕಾಜಾ ಅಕ್ಕ. “ಬಸುರಿಲಿ ಬಿಪಿ ಏರಿದ್ರೆ ಮುಖ ಕೈ ಊದತ್ತೆ, ತಲೆ ನೋಯತ್ತೆ, ಕಣ್ಣು ಮಂಜಾಗತ್ತೆ, ಎದೆಗೂಡಿನ ಕೆಳಗೆ ಹೊಟ್ಟೆ ಹಿಂಡಿದ ಹಾಗಾಗತ್ತೆ. ಕೆಲವರಿಗೆ ಏನೂ ಗೊತ್ತೇ ಆಗಲ್ಲ, ಅಳತೆ ಮಾಡಿದ್ರೇ ಗೊತ್ತಾಗೋದು. ಬಿಟ್ರೆ ಫಿಟ್ಸ್ ಬಂದು ತಾಯಿ ಮಗು ಇಬ್ರೂ ಹೋಗ್ತಾರೆ. ಏಳಿ, ಈಗಲೇ ಹೋಗೋಣ.”

“ಎಲ್ಲಿಗೆ ಹೋಗ್ಲಿ ಹೇಳು!” ಕತ್ತರಿಯಮ್ಮ ಸಿಡಿದಳು. “ಐದನೇ ತಿಂಗಳಲ್ಲಿ ಕರ್ಕೊಂಡು ಹೋಗಿದ್ದೆ. ಇಲ್ಲೇ ತುದೀಲಿರೋ ಕೇಂದ್ರದವನು, ನಿಮ್ಮದು ಎಡಸಾಲು, ಮೇಲಿನೂರಿಗೆ ಹೋಗಿ ಅಂದ. ಎರಡು ಬಸ್ಸು ಹತ್ತಿ ಮೇಲಿನೂರಿಗೆ ಹೋದ್ರೆ, ಸೊಸೆ ಕಾರ್ಡಿನಲ್ಲಿ ತವರುಮನೆ ವಿಳಾಸ ಇದೆ, ಬದಲಾಯಿಸ್ಕೊಂಡು ಬಾ ಅಂದ್ರು. ಹೊಟ್ಟೇಲಿರೋ ಕೂಸಿಗೆ ಹೇಳ್ಲಾ, ವಿಳಾಸ ಬದಲಾಗೋ ತನಕ ಬೆಳೀಬೇಡಪ್ಪ ಅಂತ? ಚೆಂಡು ಒದ್ದ ಹಾಗೆ ಅಲ್ಲಿಂದಿಲ್ಲಿಗೆ ಅಲೆದಾಡಿಸಿದ್ರು. ಅವತ್ತೇ ಅಂದ್ಕೊಂಡೆ, ಈ ಜನ್ಮದಲ್ಲಿ ಅವರ ಹೊಸಿಲು ತುಳಿಯಲ್ಲ ಅಂತ.”

ಕತ್ತರಿಯಮ್ಮನ ‘ಮಷೀನು ಕಾಲು’ ಶಾಸ್ತ್ರದ ಹಿಂದೆ ಇದ್ದದ್ದು ಈ ಅವಮಾನ. ಬಾಗಿಲು ತೆರೆಯದ ಕಡೆ ಮತ್ತೆ ಮತ್ತೆ ಬಡಿಯುವುದಕ್ಕಿಂತ, ನನಗೆ ರೋಗವೇ ಇಲ್ಲ ಎಂದುಕೊಳ್ಳುವುದು ಬಡವರಿಗೆ ಸುಲಭ. ಆಮೇಲೆ ಅದೇ ಬಾಗಿಲಿನ ಒಳಗೆ ಕೂತವರು, ಈ ಜನಕ್ಕೆ ತಿಳಿವಳಿಕೆಯೇ ಇಲ್ಲ ಎಂದು ಭಾಷಣ ಮಾಡುತ್ತಾರೆ.

ಕಾಜಾ ಅಕ್ಕ ಮೆತ್ತಗೆ ಹೇಳಿದಳು. “ನನ್ನ ತಂಗಿ ನೆನಪಿದ್ದಾಳಾ ದೊಡ್ಡಮ್ಮಾ? ಬಲಸಾಲಿನಿಂದ ಎಡಸಾಲಿಗೆ ಮದುವೆಯಾಗಿ ಬಂದ್ಲು. ಚರಂಡಿ ದಾಟಿದ್ದು ಅಷ್ಟೇ. ಅಷ್ಟಕ್ಕೇ ಹುಟ್ಟಿದ ಊರಿನ ಆಸ್ಪತ್ರೆಗೆ ಹೊರಗಿನೋಳಾದ್ಲು. ಬಸುರಿಯಾಗಿದ್ದಾಗ ಅವಳ ಕಾಲನ್ನೂ ಗಂಟಿನ ಮೇಲೆ ಇಟ್ಟು ಮಲಗಿಸಿದ್ರಿ. ಬೈತಾ ಇಲ್ಲ, ನಾನೂ ಪಕ್ಕದಲ್ಲೇ ಇದ್ದೆ. ಮಾರನೇ ದಿನ ಅವಳು ಉಳಿಲಿಲ್ಲ.”

ಕತ್ತರಿಯಮ್ಮ ಚಪ್ಪಲಿ ಮೆಟ್ಟಿ, ಸೊಸೆಯ ಕೈ ಹಿಡಿದು ಎಬ್ಬಿಸಿದಳು.

ಬೀದಿ ತುದಿಯ ಕೇಂದ್ರದ ಕಿಟಕಿಯಲ್ಲಿ ಚೀಟಿ ಬರೆಯುವವನು ತಲೆ ಎತ್ತದೆ ಕೇಳಿದ, “ಯಾವ ಸಾಲು?”

“ಎಡಸಾಲು.”

“ನಿಮ್ದು ಮೇಲಿನೂರು. ಅಲ್ಲಿಗೆ ಹೋಗಿ. ಮುಂದಿನವರು ಬನ್ನಿ.”

ಕತ್ತರಿಯಮ್ಮ ಕಿಟಕಿಯ ಕಟ್ಟೆಯ ಮೇಲೆ ಎರಡೂ ಕೈ ಊರಿದಳು. “ನೋಡಪ್ಪಾ, ನಿನ್ನ ಮೈಮೇಲಿರೋ ಅಂಗಿ ಹೊಲಿದಿದ್ದು ಯಾವ ಸಾಲು ಅಂತ ಕೇಳಿ ಹಾಕ್ಕೊಂಡ್ಯಾ? ಕಣ್ಣು ಕಾಣ್ತಿಲ್ಲ ಈ ಹುಡುಗಿಗೆ! ಇವಳಿಗೇನಾದ್ರೂ ಆದ್ರೆ ಯಾವ ಊರಿನ ಲೆಕ್ಕಕ್ಕೆ ಬರ್ಕೊಳ್ತೀಯ? ಮೊದಲು ತಲೆ ಎತ್ತು. ಎತ್ತಿ ಅವಳ ಮುಖ ನೋಡು!”

ಅವನು ತಲೆ ಎತ್ತಿದ. “ಅಮ್ಮಾ, ನಿಯಮ ಮಾಡಿದ್ದು ನಾನಲ್ಲ,” ಎಂದ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇಂಥ ಕಿಟಕಿಗಳನ್ನು ನೋಡಿಯೇ ಹುಟ್ಟಿದ ಮಾತಿರಬೇಕು.

ಗಲಾಟೆ ಕೇಳಿ ಒಳಗಿನಿಂದ ನರ್ಸಮ್ಮ ಬಂದಳು. ಸೊಸೆಯನ್ನು ಕಂಡವಳೇ ತೋಳು ಹಿಡಿದು ಒಳಗೆ ಕೂರಿಸಿ, ಬಿಪಿ ಪಟ್ಟಿ ಸುತ್ತಿದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನೋಡಿದಳು. ನೂರ ಎಪ್ಪತ್ತು, ನೂರ ಹತ್ತು.

“ಬಸುರಿಗೆ ನೂರ ನಲವತ್ತು, ತೊಂಬತ್ತು ಮುಟ್ಟಿದ್ರೇ ಎಚ್ಚರ ಆಗ್ಬೇಕು,” ಎಂದಳು. ಡಾಕ್ಟರಿಗೆ ಫೋನು ಮಾಡಿ ಕೇಳಿಕೊಂಡು ಮಾತ್ರೆ ಕೊಟ್ಟಳು, ಫಿಟ್ಸ್ ಬಾರದಂತೆ ಇಂಜೆಕ್ಷನ್ ಹಾಕಿದಳು, ಎಡಮಗ್ಗುಲಿಗೆ ಮಲಗಿಸಿದಳು. “ಈಗಲೇ ದೊಡ್ಡಾಸ್ಪತ್ರೆಗೆ ಹೋಗ್ಬೇಕು.”

ದೊಡ್ಡಾಸ್ಪತ್ರೆ ಮೇಲಿನೂರಿನಲ್ಲಿ. ನರ್ಸಮ್ಮ ಕೆಳಗಿನೂರಿನ ಆಂಬುಲೆನ್ಸಿಗೆ ಫೋನು ಮಾಡಿದಳು. ನಮ್ಮ ಗಾಡಿ ಗಡಿ ದಾಟುವ ಹಾಗಿಲ್ಲ ಎಂದರು. ಮೇಲಿನೂರಿನ ಗಾಡಿಗೆ ಮಾಡಿದಳು. ನಾವು ಕೆಳಗಿನೂರಿನ ಕೇಂದ್ರದಿಂದ ರೋಗಿಯನ್ನು ಎತ್ತುವ ಹಾಗಿಲ್ಲ ಎಂದರು. ನರ್ಸಮ್ಮನ ಮುಖ ಕೆಂಪಾಯಿತು.

“ಗಾಡಿ ದಾಟಲ್ಲ, ಸರಿ. ಹೆಣ ದಾಟಬಹುದಾ? ಅದಕ್ಕೂ ನಿಯಮ ಇದ್ರೆ ಹೇಳಿಬಿಡಿ,” ಎಂದು ಫೋನು ಕುಕ್ಕಿದಳು.

ಅಷ್ಟರಲ್ಲಿ ಕಾಜಾ ಅಕ್ಕ ಬೀದಿಗೆ ಓಡಿದ್ದಳು. ಹೊಲಿದ ಅಂಗಿ ಒಯ್ಯುವ ಗುತ್ತಿಗೆದಾರನ ವ್ಯಾನು ಅಲ್ಲಿ ನಿಂತಿತ್ತು. ಬೀದಿಯ ಹೆಂಗಸರು ಎರಡು ಮಾತಾಡದೆ ಗಂಟುಗಳನ್ನೆಲ್ಲ ರಸ್ತೆಗಿಳಿಸಿದರು. ಡ್ರೈವರ್ ಮಾಲೀಕನನ್ನು ಕೇಳಲೂ ಇಲ್ಲ, ವ್ಯಾನನ್ನು ಕೇಂದ್ರದ ಬಾಗಿಲಿಗೆ ತಂದ. ಸೊಸೆಯನ್ನು ಮಲಗಿಸಿ ಕತ್ತರಿಯಮ್ಮನೂ ನರ್ಸಮ್ಮನೂ ಜೊತೆಗೇ ಹತ್ತಿದರು. ಎರಡು ಊರುಗಳ ಇಷ್ಟೆಲ್ಲ ಇಲಾಖೆಗಳಿಗೆ ಆಗದ ಕೆಲಸವನ್ನು ಒಂದು ಬಟ್ಟೆ ವ್ಯಾನು ಮಾಡಿತು. ಇದನ್ನು ಕೇಳಿ ಚಪ್ಪಾಳೆ ತಟ್ಟಬೇಡಿ. ನಾಚಿಕೆಪಡಬೇಕಾದ ಸಂಗತಿ ಇದು.

ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಮಗುವನ್ನು ತೆಗೆದರು. ಹೆಣ್ಣು. ದಿನ ತುಂಬದ ಕೂಸು, ಎರಡು ಅಂಗೈಯಲ್ಲಿ ಹಿಡಿಸುವಷ್ಟೇ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದ ಕತ್ತರಿಯಮ್ಮನ ಮಗ ಸುದ್ದಿ ತಿಳಿದು ಬೆವರಿಳಿಸುತ್ತ ಓಡಿಬಂದಾಗ, ಅವಳು ಬೆಂಚಿನ ಮೇಲೆ ಅಳುತ್ತಿದ್ದಳು. ಡಾಕ್ಟರು ಹೊರಗೆ ಬಂದು, “ತಾಯಿಗೆ ಅಪಾಯ ಇಲ್ಲ. ಮಗುನ ಕೆಲವು ವಾರ ಬೆಚ್ಚಗೆ ಇಟ್ಕೊಂಡು ನೋಡ್ತೀವಿ. ಐದನೇ ತಿಂಗಳಿಂದ ಬಿಪಿ ನೋಡ್ತಾ ಬಂದಿದ್ರೆ ಇಷ್ಟರ ಮಟ್ಟಿಗೆ ಬರ್ತಿರಲಿಲ್ಲ,” ಎಂದರು.

“ಬಂದಿದ್ವಿ ಡಾಕ್ಟ್ರೇ,” ಎಂದಳು ಕತ್ತರಿಯಮ್ಮ. “ನಿಮ್ಮ ಕೇಂದ್ರದವರೇ ವಾಪಸ್ ಕಳಿಸಿದ್ರು.”

ಆ ಮಾತು ಅಲ್ಲಿಗೇ ನಿಲ್ಲಲಿಲ್ಲ. ಸೊಸೆ ಮನೆಗೆ ಬರುವ ಮೊದಲೇ ಎರಡೂ ಸಾಲಿನ ಮಹಿಳಾ ಸಂಘ, ಹೊಲಿಗೆಯವರ ಯೂನಿಯನ್ನು, ವ್ಯಾನಿನ ಗುತ್ತಿಗೆದಾರ ಎಲ್ಲ ಸೇರಿ, ಎರಡೂ ಊರುಗಳ ಆರೋಗ್ಯ ಅಧಿಕಾರಿಗಳನ್ನು ಯೂನಿಯನ್ನಿನ ಹಾಲಿಗೆ ಕರೆಸಿದರು. ನರ್ಸಮ್ಮನೂ ಬಂದಳು. ಮೊದಲ ಅರ್ಧ ಗಂಟೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಇವರು ಅದು ಅವರ ಜವಾಬ್ದಾರಿ ಎಂದರು, ಅವರು ಇದು ಇವರ ವ್ಯಾಪ್ತಿ ಎಂದರು.

ಕತ್ತರಿಯಮ್ಮ ಎದ್ದು ನಿಂತಳು. “ಸ್ವಾಮಿ, ಕಂದಾಯ ಕೇಳೋಕೆ ಬರೋವಾಗ ನಮ್ಮ ಬೀದಿ ನಿಮಗೆ ಚೆನ್ನಾಗಿ ಕಾಣತ್ತೆ. ಬಸುರಿ ಬಂದಾಗ ಮಾತ್ರ ಯಾಕೆ ಕಾಣಲ್ಲ? ಈ ಕಾಜಾ ಅಕ್ಕನ ತಂಗಿ ಸತ್ತಾಗ ನಾವೆಲ್ಲ ಹಣೆಬರಹ ಅಂದ್ವಿ. ತಪ್ಪು ಮಾತು. ನೀವಿಬ್ರೂ ಕೈ ತೊಳ್ಕೊಂಡಿದ್ದಕ್ಕೆ ಅವಳು ಸತ್ಲು. ನಮಗೆ ದಾನ ಬೇಡ. ಯಾರು ಮೊದಲು ಬಾಗಿಲು ತೆಗೀತೀರಿ, ಅದನ್ನ ಹೇಳಿ, ಆಮೇಲೆ ಎದ್ದು ಹೋಗಿ.”

ಯಾರೂ ಏಳಲಿಲ್ಲ. ಕಾಜಾ ಅಕ್ಕ ಹಾಲಿನ ಬಾಗಿಲಿಗೆ ಒರಗಿ ನಿಂತಿದ್ದಳು, ಏಳುವ ಹಾಗೂ ಇರಲಿಲ್ಲ.

ಅಂದು ಒಪ್ಪಂದವಾಯಿತು. ಯಾವ ಸಾಲಿನವರು ಬಂದರೂ ಮೊದಲು ಪರೀಕ್ಷೆ, ಆಮೇಲೆ ವಿಳಾಸ. ಎರಡೂ ಊರಿನ ನರ್ಸುಗಳು ಸರದಿಯಲ್ಲಿ ವಾರಕ್ಕೊಮ್ಮೆ ಯೂನಿಯನ್ ಹಾಲಿಗೇ ಬರಬೇಕು, ಅದೂ ಕೆಲಸ ಬಿಟ್ಟ ಮೇಲೆ, ಸಂಜೆ. ಮಷೀನು ಬಿಟ್ಟು ಹಗಲು ಹೊತ್ತು ಹೋದರೆ ಅಂದಿನ ಕೂಲಿ ಹೋಗುತ್ತದೆ ಎಂದು ಹೆಂಗಸರು ಪಟ್ಟು ಹಿಡಿದಿದ್ದರು. ಆಂಬುಲೆನ್ಸು ಗಡಿ ದಾಟಬೇಕು. ಅದು ಬರುವುದು ತಡವಾದರೆ ವ್ಯಾನು ಕೊಡುತ್ತೇನೆಂದು ಗುತ್ತಿಗೆದಾರ ಎಲ್ಲರೆದುರು ಒಪ್ಪಿದ. ಪ್ರತಿ ಮನೆಯ ಬಸುರಿಯನ್ನು ಕರೆತರುವ ಹೊಣೆ ಸಂಘದ್ದು.

ಮೊದಲ ಸಂಜೆ ಹಾಲಿನ ಮುಂದೆ ಹೆಂಗಸರು ಬಂದು ನಿಂತರು, ಒಳಗೆ ಕಾಲಿಡಲು ಮಾತ್ರ ಎಲ್ಲರಿಗೂ ಅಳುಕು. ನೀ ಹೋಗು, ನೀ ಹೋಗು ಎಂದು ತಳ್ಳಾಟ. ಕತ್ತರಿಯಮ್ಮ ಎಲ್ಲರನ್ನೂ ಸರಿಸಿ ನರ್ಸಮ್ಮನ ಮುಂದೆ ಕೂತು ತೋಳು ಚಾಚಿದಳು.

“ನೋಡ್ಕೊಳ್ರೇ, ಕಚ್ಚಲ್ಲ ಅದು. ನನಗೇನೂ ಇಲ್ಲ, ಸುಮ್ನೆ ತೋರಿಸ್ತಿದ್ದೀನಿ.”

ನರ್ಸಮ್ಮ ಒಮ್ಮೆ ನೋಡಿದಳು. ಸ್ವಲ್ಪ ಹೊತ್ತು ಕೂರಿಸಿ ಮತ್ತೊಮ್ಮೆ ನೋಡಿದಳು. “ಅಮ್ಮಾ, ನಿಮಗೂ ಬಿಪಿ ಜಾಸ್ತಿ ಇದೆ. ಮುಂದಿನ ವಾರ ಬನ್ನಿ, ಇನ್ನೊಂದು ಸಲ ನೋಡಿ ಡಾಕ್ಟರ ಹತ್ರ ಮಾತ್ರೆ ಬರೆಸೋಣ.”

ಹಾಲಿನಲ್ಲಿ ನಗು ಎದ್ದಿತು. ಕತ್ತರಿಯಮ್ಮ ಸುತ್ತ ಕಣ್ಣು ಬಿಟ್ಟಳು. “ಅಲ್ಲ ಸಿಸ್ಟರ್, ಅದು ಈ ಆಫೀಸರುಗಳ ಮೇಲಿನ ಕೋಪ ಇರ್ಬೇಕು. ಇನ್ನೂ ಇಳಿದಿಲ್ಲ.”

“ಕೋಪ ಬೇರೆ, ಬಿಪಿ ಬೇರೆ,” ಎಂದಳು ನರ್ಸಮ್ಮ. “ಬಿಪಿ ಇಳಿಸ್ಕೊಳ್ಳಿ. ಕೋಪ ಇಟ್ಕೊಳ್ಳಿ, ಅದು ಇನ್ನೂ ಬೇಕಾಗತ್ತೆ.”

ಓದುತ್ತಿರುವ ಅಕ್ಕ, ಅಮ್ಮ, ಅಣ್ಣ, ನಿಮಗೂ ಅದನ್ನೇ ಹೇಳುವುದು. ನಿಮ್ಮ ಮನೆಯಲ್ಲಿ ಬಸುರಿ ಇದ್ದರೆ ಪ್ರತಿ ತಪಾಸಣೆಯಲ್ಲೂ ಬಿಪಿ ನೋಡಿಸಿ. ಮುಖ ಊದಿದರೆ, ತಲೆ ಸಿಡಿದರೆ, ಕಣ್ಣು ಮಂಜಾದರೆ ನಾಳೆಗೆ ಬಿಡಬೇಡಿ, ಇವತ್ತೇ ಹೋಗಿ. ನೀವು ಇಲ್ಲಿಯವರಲ್ಲ ಎಂದು ಯಾರಾದರೂ ತಿರುಗಿಸಿ ಕಳಿಸಿದರೆ ತಲೆ ತಗ್ಗಿಸಿ ಮನೆಗೆ ಬರಬೇಡಿ. ಪಕ್ಕದ ಮನೆಯವರನ್ನು ಕರೆಯಿರಿ, ಸಂಘವನ್ನು ಕರೆಯಿರಿ, ಎದುರು ಸಾಲಿನವರನ್ನೂ ಕರೆಯಿರಿ. ಎಲ್ಲರೂ ಸೇರಿ ಹೋಗಿ ಆ ಕಿಟಕಿಯ ಮುಂದೆ ನಿಂತು, ಒಳಗಿರುವವರು ತಲೆ ಎತ್ತಿ ನೋಡುವ ತನಕ ಕದಲಬೇಡಿ.